ಮನೆಯ ಹಿರಿಯರ ಮೊಬೈಲ್ ಸುರಕ್ಷತೆ: ತಜ್ಞರೊಡನೆ ಪ್ರಶ್ನೋತ್ತರ

ಶಿರಸಿಯ ಸದಸ್ಯೆ: ನಮಸ್ಕಾರ ಸರ್. ನಿನ್ನೆ ರಾತ್ರಿ ನೆಂಟರೊಬ್ಬರ ಸಂಖ್ಯೆಯಿಂದ ಅಮ್ಮನ ವಾಟ್ಸಾಪಿಗೆ ಮದುವೆ ಕರೆಯೋಲೆಯ ಹೆಸರಿನ ಎಪಿಕೆ ಫೈಲು (ಫೋನಿಗೆ ಆ್ಯಪ್ ಅಳವಡಿಸುವ ಫೈಲು) ಬಂತು. ಅಮ್ಮ ಅದನ್ನು ತೆರೆದು, ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟಿದ್ದಾರೆ. ಬೆಳಗಿನಿಂದ ಅದೇ ಫೈಲು ಅವರ ಸಂಖ್ಯೆಯಿಂದ ಊರವರಿಗೆಲ್ಲ ಹೋಗುತ್ತಿದೆ. ಹಣ ಹೋಗಿಲ್ಲ. ನಾನು ಬೈದೆ, ಈಗ ಅವರು ಫೋನನ್ನೇ ಮುಟ್ಟುತ್ತಿಲ್ಲ.

ತಜ್ಞರು: ಹಣ ಹೋಗಿಲ್ಲವೆಂದು ನಿಶ್ಚಿಂತರಾಗಬೇಡಿ, ಇಂಥ ಆ್ಯಪ್‌ಗಳು ಎಸ್‌ಎಂಎಸ್ ಓದುವ ಅನುಮತಿ ಪಡೆದು ಓಟಿಪಿಗಾಗಿ ಕಾದಿರುತ್ತವೆ. ಮೊದಲು ಆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಆರಿಸಿ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ ಮತ್ತು ನೆಟ್‌ಬ್ಯಾಂಕಿಂಗ್ ತಡೆಹಿಡಿಸಿ. ಸಂಖ್ಯೆಯನ್ನು ಪಾಸ್‌ಬುಕ್ಕಿನಲ್ಲಿ ನೋಡಿಕೊಳ್ಳಿ, ಗೂಗಲ್‌ನಲ್ಲಿ ಹುಡುಕಬೇಡಿ. ಆ್ಯಪ್‌ನ ಚಿಹ್ನೆ ಪರದೆಯ ಮೇಲೆ ಕಾಣದಿರಬಹುದು, ಸೆಟ್ಟಿಂಗ್ಸ್‌ನ ಪಟ್ಟಿಯಲ್ಲಿ ಹುಡುಕಿ ತೆಗೆಯಿರಿ. ತೆಗೆಯಲು ಬಿಡದಿದ್ದರೆ ಅದಕ್ಕೆ ಕೊಟ್ಟ ಡಿವೈಸ್ ಅಡ್ಮಿನ್ ಮತ್ತು ಆ್ಯಕ್ಸೆಸಿಬಿಲಿಟಿ ಎಂಬ, ಫೋನನ್ನು ನಿಯಂತ್ರಿಸಲು ಬಿಡುವ ಅನುಮತಿಗಳನ್ನು ಮೊದಲು ರದ್ದುಮಾಡಿ. ನಾನಾದರೆ ಫೋಟೋಗಳನ್ನು ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡುತ್ತೇನೆ, ಅಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುತ್ತೇನೆ. ಒಂದು ರೂಪಾಯಿ ಹೋದರೂ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬೈದದ್ದನ್ನು ಇವತ್ತೇ ಸರಿಪಡಿಸಿಕೊಳ್ಳಿ. ಬೈಗುಳಕ್ಕೆ ಹೆದರಿದವರು ಮುಂದಿನ ಸಲ ಹಣ ಹೋದರೂ ಬಾಯಿ ಬಿಡುವುದಿಲ್ಲ, ಅವರು ಮುಚ್ಚಿಟ್ಟುಕೊಂಡ ಆ ಕೆಲವು ಗಂಟೆಗಳಲ್ಲೇ ಹಣ ಖಾತೆಯಿಂದ ಖಾತೆಗೆ ಸಾಗಿ ಕೈತಪ್ಪಿರುತ್ತದೆ.

ದಾವಣಗೆರೆಯ ಸದಸ್ಯ: ಎಟಿಎಂನಲ್ಲಿ ಪಿನ್ ತಿರುಗಾಮುರುಗಾ ಒತ್ತಿದರೆ ಪೊಲೀಸರಿಗೆ ತಿಳಿಯುತ್ತದೆಂಬ ಸಂದೇಶ ಬಂದಿದೆ. ಅಪ್ಪನಿಗೆ ಕಲಿಸಲೇ?

ತಜ್ಞರು: ಅದು ಸುಳ್ಳು, ಕಲಿಸಬೇಡಿ. ಬಂದ ಫಾರ್ವರ್ಡ್‌ಗಳನ್ನೆಲ್ಲ ಹಿರಿಯರಿಗೆ ದಾಟಿಸುವುದನ್ನು ದಯವಿಟ್ಟು ನಿಲ್ಲಿಸಿ. ಆಪತ್ತಿನಲ್ಲಿ ಅವರು ಅದನ್ನೇ ನೆಚ್ಚಿಕೊಳ್ಳುತ್ತಾರೆ.

ತುಮಕೂರಿನ ಸದಸ್ಯೆ: ಮಾವನವರಿಗೆ ಪೊಲೀಸರೆಂದು ಹೇಳಿಕೊಂಡು, ನಿಮ್ಮನ್ನು ಫೋನಿನಲ್ಲೇ ಬಂಧಿಸಿದ್ದೇವೆ, ಇದು ‘ಡಿಜಿಟಲ್ ಅರೆಸ್ಟ್’ ಎಂದು ವಿಡಿಯೊ ಕರೆ ಬಂದಿದೆ.

ತಜ್ಞರು: ಅಂಥ ಬಂಧನ ನಮ್ಮ ಕಾನೂನಿನಲ್ಲಿಲ್ಲ. ಕರೆ ಕತ್ತರಿಸಲಿ, 1930ಕ್ಕೆ ತಿಳಿಸಿ.

ಬಳ್ಳಾರಿಯ ಸದಸ್ಯ: ಪಾಸ್‌ವರ್ಡ್‌ಗಳನ್ನು ಡೈರಿಯಲ್ಲಿ ಬರೆದಿಡಬಹುದೇ?

ಮೈಸೂರಿನ ಸದಸ್ಯ: ಅಪ್ಪನಿಗೆ ಹೇಳದೆ ಅವರ ಲೊಕೇಶನ್, ಸಂದೇಶಗಳೆಲ್ಲ ನನ್ನ ಫೋನಿಗೆ ಬರುವಂತೆ ಆ್ಯಪ್ ಹಾಕಿದ್ದೇನೆ. ಇದಕ್ಕಿಂತ ಭದ್ರತೆ ಬೇರೆಯಿಲ್ಲ.

ಧಾರವಾಡದ ಸದಸ್ಯೆ: ಹೆತ್ತವರ ಪತ್ರ ಕದ್ದು ಓದುವುದಕ್ಕೆ ಭದ್ರತೆ ಎನ್ನುತ್ತೀರಾ?

ಮೈಸೂರಿನ ಸದಸ್ಯ: ಮರೆವಿನ ಕಾಯಿಲೆಯವರನ್ನು ನೋಡಿಕೊಂಡವರಿಗೆ ಮಾತ್ರ ಇದು ಅರ್ಥವಾಗುತ್ತದೆ.

ಧಾರವಾಡದ ಸದಸ್ಯೆ: ನಮ್ಮ ತಂದೆಗೂ ಮರೆವಿದೆ. ನಾವು ಅವರನ್ನು ಕೇಳಿ ಲೊಕೇಶನ್ ಹಾಕಿದ್ದೇವೆ. ಉಪದೇಶ ಸಾಕು.

ತಜ್ಞರು: ಇಬ್ಬರೂ ನಿಲ್ಲಿಸಿ. ಲೊಕೇಶನ್ ಅವರಿಗೆ ತಿಳಿಸಿ ಹಂಚಿಕೊಳ್ಳಿ. ಸಂದೇಶ ಓದುವ ಆ್ಯಪ್ ತೆಗೆಯಿರಿ. ಶಿರಸಿಯ ಫೋನಿನಲ್ಲಿ ಕಳ್ಳರು ಪಡೆದದ್ದು ಇದೇ ಅನುಮತಿಯನ್ನು.

ಹಾಸನದ ಸದಸ್ಯ: ಎಪಿಕೆ ತೆರೆದರೆ ಏನು ಮಾಡಬೇಕು ಸರ್?

ತಜ್ಞರು: ಮೇಲೆ ಬರೆದಿದ್ದೇನೆ, ಓದಿ. ಶಿರಸಿಯವರೇ, ಬ್ಯಾಂಕಿಗೆ ಕರೆ ಮಾಡಿದಿರಾ?

ಶಿರಸಿಯ ಸದಸ್ಯೆ: ಅಮ್ಮನೇ ಮಾತಾಡಿದರು ಸರ್. ಈಗ ನನ್ನ ಫೋನಿನಿಂದ ಒಬ್ಬೊಬ್ಬರಿಗೂ ಕರೆ ಮಾಡಿ, ಕರೆಯೋಲೆ ತೆರೆಯಬೇಡಿ ಎನ್ನುತ್ತಿದ್ದಾರೆ.