ನಾಳೆಯೇ ಮೇಷ್ಟರ ಬೀಳ್ಕೊಡುಗೆ: 19 ಮಕ್ಕಳ ಕೈ ಸೇರಿದ ಕಾರ್ಡನ್ನು ಒಂದು ರಾತ್ರಿಯಲ್ಲಿ ಮಾಡುವುದು ಹೇಗೆ?

ನಾಪೋಕ್ಲು ತಾಯಿ (ಪ್ರಶ್ನೆ)

ನಮ್ಮ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮೇಷ್ಟರಿಗೆ ವರ್ಗಾವಣೆಯ ಆದೇಶ ಬಂದಿದ್ದು, ನಾಳೆ ಮಧ್ಯಾಹ್ನವೇ ಅವರು ಇಲ್ಲಿಂದ ಬಿಡುಗಡೆಯಾಗುತ್ತಾರೆ. ವಿಷಯ ತಿಳಿದದ್ದು ಇಂದು ಸಂಜೆ. ಒಂದರಿಂದ ಐದನೆಯ ತರಗತಿಯವರೆಗೆ 19 ಮಕ್ಕಳಿದ್ದಾರೆ. ಹೆಚ್ಚಿನವರು ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್‌ಮನೆಗಳಿಂದ ಬರುವವರು. ಕೆಲವರಿಗೆ ಶಾಲೆಗೆ ಸೇರುವಾಗ ಕನ್ನಡವೇ ಬರುತ್ತಿರಲಿಲ್ಲ. ಮೇಷ್ಟರು ಆ ಮಕ್ಕಳ ಮನೆಮಾತಿನ ನಾಲ್ಕು ಶಬ್ದಗಳನ್ನು ತಾವು ಕಲಿತು, ಆಮೇಲೆ ಅವರಿಗೆ ಅಕ್ಷರ ಕಲಿಸಿದವರು. ಅಂಗಡಿಯ ಕಾರ್ಡಿನ ಮೇಲೆ ಹೆಸರು ಬರೆದು ಕೊಟ್ಟು ಅವರನ್ನು ಕಳುಹಿಸಲು ನನಗೆ ಮನಸ್ಸಾಗುತ್ತಿಲ್ಲ.

ಮನೆಯಲ್ಲಿ ಮಗಳ ಡ್ರಾಯಿಂಗ್ ಪುಸ್ತಕ, ಪೋಸ್ಟರ್ ಕಲರಿನ ಆರು ಬಾಟಲಿ, ಕತ್ತರಿ, ಬಾಲ್‌ಪೆನ್ನು ಮತ್ತು ಬಿಳಿ ಗೋಂದು ಇವೆ. ಒಂದು ಗಂಟೆಯ ಹಿಂದೆ ಶಾಲೆಯ ಫೋಟೊ ಒಂದನ್ನು ಗೋಂದಿನಿಂದ ಅಂಟಿಸಿ ನೋಡಿದೆ; ಈ ಮಳೆಯ ತೇವಕ್ಕೆ ಅದು ಇನ್ನೂ ಒಣಗಿಲ್ಲ, ಹಾಳೆ ಅಲೆಯಲೆಯಾಗಿ ಎದ್ದಿದೆ. ಮಡಿಕೇರಿಗೆ ಹೋಗಿ ಬರುವಷ್ಟು ಹೊತ್ತಿಲ್ಲ. ಬೆಳಿಗ್ಗೆ ಮಕ್ಕಳು ನನ್ನ ಕೈಗೆ ಸಿಗುವುದು ಹೆಚ್ಚೆಂದರೆ ಒಂದೂವರೆ ಗಂಟೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ನಿವೃತ್ತ ಚಿತ್ರಕಲಾ ಶಿಕ್ಷಕಿ, ಸೋಮವಾರಪೇಟೆ

ಮೊದಲು ಆ ಗೋಂದನ್ನು ಪಕ್ಕಕ್ಕಿಡಿ, ತಾಯಿ. ಬಿಳಿ ಗೋಂದಿನಲ್ಲಿ ನೀರಿನ ಅಂಶವಿರುತ್ತದೆ. ಕಾಗದದ ನಾರು ಆ ನೀರನ್ನು ಕುಡಿದು ಹಿಗ್ಗುತ್ತದೆ. ಆಷಾಢದ ಗಾಳಿ ಅದನ್ನು ಬೇಗ ಹೊರಕ್ಕೆ ಎಳೆದುಕೊಳ್ಳುವುದಿಲ್ಲವಾದ್ದರಿಂದ ಹಾಳೆ ಏರುಪೇರಾಗಿಯೇ ಉಳಿಯುತ್ತದೆ. ಅಂಟಿಸುವ ಕೆಲಸವೇ ಇಲ್ಲದ ಕಾರ್ಡನ್ನು ಯೋಚಿಸಿದರೆ ನಿಮ್ಮ ಅರ್ಧ ತೊಂದರೆ ನೀಗುತ್ತದೆ.

ಡ್ರಾಯಿಂಗ್ ಪುಸ್ತಕದ ದಪ್ಪ ಹಾಳೆಯನ್ನು 297 ಮಿ.ಮೀ. ಉದ್ದ, 210 ಮಿ.ಮೀ. ಅಗಲಕ್ಕೆ, ಅಂದರೆ ಎ4 ಅಳತೆಗೆ ಕತ್ತರಿಸಿಕೊಳ್ಳಿ. ಮಧ್ಯದಲ್ಲಿ ಸ್ಕೇಲು ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒಂದು ಗೀರು ಎಳೆದು, ಆಮೇಲೆ ಮಡಿಸಿ. ಕಾಗದಕ್ಕೂ ಮರದಂತೆ ಎಳೆಯ ದಿಕ್ಕಿರುತ್ತದೆ. ಎಳೆಗೆ ಅಡ್ಡವಾಗಿ ಹಾಗೆಯೇ ಮಡಿಸಿದರೆ ಅಂಚು ಒಡೆದು ಬಿಳಿ ಜುಂಗು ಏಳುತ್ತದೆ, ಗೀರು ಹಾಕಿದರೆ ಆ ಭಯವಿಲ್ಲ. ಈ ಕೆಲಸವನ್ನು ಇಂದು ರಾತ್ರಿಯೇ ಮುಗಿಸಿ, ಎರಡು ದಪ್ಪ ಪುಸ್ತಕಗಳ ನಡುವೆ ಇಟ್ಟುಬಿಡಿ. ಇಂಥದೇ ಇನ್ನೊಂದು ಹಾಳೆಯನ್ನು ಮಡಿಸಿಟ್ಟುಕೊಳ್ಳಿ. ಮಕ್ಕಳ ಕೆಲಸದಲ್ಲಿ ಎರಡನೆಯ ಹಾಳೆ ಇದೆ ಎಂಬ ಧೈರ್ಯವಿದ್ದರೆ ದೊಡ್ಡವರು ಗದರುವುದಿಲ್ಲ.

ಒಳಗೆ ಏನು ಬರಬೇಕೆಂಬುದನ್ನು ಮಕ್ಕಳ ಕೈಗೇ ಬಿಡಿ. ಹೆಬ್ಬೆರಳಿನ ಗುರುತು ಒಂದು ನಿಮಿಷದ ಕೆಲಸ, ಮತ್ತು ಒಬ್ಬರದು ಇನ್ನೊಬ್ಬರದರಂತೆ ಇರುವುದಿಲ್ಲ.

ಕಾಫಿ ತೋಟದವನು, ಸುಂಟಿಕೊಪ್ಪ

ಟೀಚರ್ ಹೇಳಿದ ಹೆಬ್ಬೆರಳಿನ ಗುರುತನ್ನು ಕಾಫಿ ಹಣ್ಣು ಮಾಡಿಬಿಡಿ ಅಕ್ಕ. ಒಳಗಿನ ಎರಡೂ ಪುಟಗಳಿಗೆ ಅಡ್ಡಲಾಗಿ ಒಂದು ರೆಕ್ಕೆಯನ್ನು, ಅಂದರೆ ಕಾಫಿ ಗಿಡದ ಕೊಂಬೆಯನ್ನು, ಬರೆಯಿರಿ. ಕಾಫಿಯ ಎಲೆಗಳು ಎದುರುಬದುರಾಗಿ ಜೋಡಿಯಾಗಿ ಬರುತ್ತವೆ, ಎಲೆಯ ಅಂಚು ಸ್ವಲ್ಪ ಅಲೆಯಂತಿರುತ್ತದೆ, ಹಣ್ಣು ಎಲೆಯ ಬುಡದ ಗೆಣ್ಣಿನಲ್ಲಿಯೇ ಗುಂಪಾಗಿ ಕೂರುತ್ತದೆ, ದ್ರಾಕ್ಷಿಯಂತೆ ತೂಗುವುದಿಲ್ಲ. ಲೈನ್‌ಮನೆಯ ಮಕ್ಕಳು ಇದನ್ನು ದಿನವೂ ನೋಡುವವರು, ತಪ್ಪು ಬರೆದರೆ ಅವರೇ ಹೇಳುತ್ತಾರೆ. ಆರು ಗೆಣ್ಣಿಗೆ ಮೂರು ಮೂರರಂತೆ 18, ತುದಿಗೆ ಒಂದು.

ಈಗ ಗಿಡದಲ್ಲಿರುವುದು ಹಸಿರು ಕಾಯಿಯೇ ಹೊರತು ಹಣ್ಣಲ್ಲ. ಅರೇಬಿಕಾ ಹಣ್ಣಾಗಲು ಇನ್ನೂ ನಾಲ್ಕು ತಿಂಗಳು ಬೇಕು, ರೋಬಸ್ಟಾಕ್ಕೆ ಅದಕ್ಕಿಂತ ಹೆಚ್ಚು. ಆದುದರಿಂದ ಒಂದನೆಯ ತರಗತಿಯ ಮಕ್ಕಳಿಗೆ ಹಸಿರು, ನಡುವಿನವರಿಗೆ ಹಳದಿ, ಕಿತ್ತಳೆ, ಐದನೆಯವರಿಗೆ ಕೆಂಪು ಬಣ್ಣ ಕೊಟ್ಟರೆ ಚೆನ್ನಾಗಿರುತ್ತದೆ. ಇಡೀ ಹಾಳೆಗೆ ಕಾಫಿ ಡಿಕಾಕ್ಷನ್ ಬಳಿದರೆ ಹಳೆಯ ಕಾಗದದ ಬಣ್ಣ ಬರುತ್ತದೆ, ಅದನ್ನೂ ಪ್ರಯತ್ನಿಸಬಹುದು.

ನಿವೃತ್ತ ಚಿತ್ರಕಲಾ ಶಿಕ್ಷಕಿ, ಸೋಮವಾರಪೇಟೆ

ತರಗತಿಗೊಂದು ಬಣ್ಣ ಎಂಬ ಮಾತು ನನಗೆ ಬಹಳ ಹಿಡಿಸಿತು. ಆದರೆ ಡಿಕಾಕ್ಷನ್ ಬಳಿಯುವುದು ಬೇಡವೆಂದು ಒತ್ತಿ ಹೇಳುತ್ತೇನೆ. ಹಾಳೆ ಪೂರ್ತಿ ಒದ್ದೆಯಾದರೆ ಬೆಳಗಾಗುವಷ್ಟರಲ್ಲಿ ಹಪ್ಪಳದಂತೆ ಸುರುಳಿಕಟ್ಟುತ್ತದೆ. ರೆಕ್ಕೆಯ ಕಂದು ಗೆರೆಗೆ ಮಾತ್ರ ಗಟ್ಟಿ ಡಿಕಾಕ್ಷನ್ ಬಳಸಿ, ಸಾಕು.

ಬಣ್ಣಕ್ಕೆ ನೀರು ಬೆರೆಸಬೇಡಿ. ಹಳೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಪೋಸ್ಟರ್ ಕಲರನ್ನು ತೆಳುವಾಗಿ ಸವರಿ, ಮಗು ಅದರ ಮೇಲೆ ಬೆರಳೊತ್ತಿ, ಮೊದಲು ರದ್ದಿ ಕಾಗದದ ಮೇಲೆ ಒಮ್ಮೆ, ಆಮೇಲೆ ಕಾರ್ಡಿನ ಮೇಲೆ ಒಮ್ಮೆ ಒತ್ತಲಿ. ಯಾರದ್ದಾದರೂ ಬೆರಳು ಜಾರಿ ಗುರುತು ಉದ್ದವಾದರೆ ಅದರ ಸುತ್ತ ಗೆರೆ ಎಳೆದು ಎಲೆ ಮಾಡಿ. ಆ ಮಗುವಿಗೆ ಇನ್ನೊಂದು ಹಣ್ಣು ಕೊಡಿ. ಹೆಸರನ್ನು ಮಕ್ಕಳೇ ಬಾಲ್‌ಪೆನ್ನಿನಿಂದ ಬರೆಯಲಿ. ಅದರ ಶಾಯಿ ಎಣ್ಣೆಯಂಶದ್ದು, ತೇವಕ್ಕೆ ಹರಡುವುದಿಲ್ಲ. ಜೆಲ್ ಪೆನ್ನನ್ನು ಈ ಹವೆಯಲ್ಲಿ ನಂಬಬೇಡಿ.

ಇನ್ನೊಂದು ಮಾತು. ಮೇಷ್ಟರು ಮಕ್ಕಳ ಮನೆಮಾತು ಕಲಿತರೆಂದು ಬರೆದಿದ್ದೀರಿ. ಹೆಸರಿನ ಕೆಳಗೆ ಪ್ರತಿ ಮಗುವೂ ತನ್ನ ಮನೆಯ ಒಂದು ಶಬ್ದವನ್ನು, ಅದು ಕೊಡವ ತಕ್ಕಿನದಾಗಲಿ, ಅರೆಭಾಷೆಯದಾಗಲಿ, ಯರವರದಾಗಲಿ, ತಮಿಳು, ಮಲಯಾಳಂ, ತುಳುವಿನದಾಗಲಿ, ಕನ್ನಡ ಅಕ್ಷರಗಳಲ್ಲಿ ಬರೆಯಲಿ. ಆ ಅಕ್ಷರ ಕಲಿಸಿದವರು ಅವರೇ ಅಲ್ಲವೇ. ಕಾಗುಣಿತ ತಪ್ಪಿದರೆ ತಿದ್ದಬೇಡಿ.

ಡಿಟಿಪಿ ಕೆಲಸದವನು, ಗೋಣಿಕೊಪ್ಪ

ಫೋಟೊ ಇರಲೇಬೇಕೆಂದಾದರೆ ಇಂಕ್‌ಜೆಟ್ ಪ್ರಿಂಟ್ ಬೇಡ. ಒದ್ದೆ ಕೈ ತಗುಲಿದರೆ ಅದರ ಬಣ್ಣ ಬಿಡುತ್ತದೆ. ಜೆರಾಕ್ಸ್ ಅಥವಾ ಲೇಸರ್ ಪ್ರಿಂಟಿನಲ್ಲಿ ಪುಡಿಯನ್ನು ಬಿಸಿಯಿಂದ ಕಾಗದಕ್ಕೆ ಕರಗಿಸಿ ಕೂರಿಸುವುದರಿಂದ ನೀರಿಗೆ ಅಳಿಸುವುದಿಲ್ಲ. ಅಂಟಿಸದೆ, ಹಿಂಬದಿಯ ಪುಟದಲ್ಲಿ ನಾಲ್ಕು ಓರೆ ಸೀಳು ಮಾಡಿ ಮೂಲೆಗಳನ್ನು ಸಿಕ್ಕಿಸಿ. ಆದರೆ ಅದಕ್ಕಾಗಿ ಬೆಳಿಗ್ಗೆ ಅಂಗಡಿ ತೆರೆಯುವವರೆಗೆ ಕಾಯುವುದಕ್ಕಿಂತ ಆ ಹೊತ್ತನ್ನು ಮಕ್ಕಳ ಜೊತೆ ಕಳೆಯುವುದು ಮೇಲು.

ನಾಪೋಕ್ಲು ತಾಯಿ

ಎಲ್ಲರಿಗೂ ಮನಸಾರೆ ವಂದನೆಗಳು. ರಾತ್ರಿ ಕರೆಂಟು ಹೋದುದರಿಂದ ರೆಕ್ಕೆಯನ್ನು ಮೇಣದಬತ್ತಿಯ ಬೆಳಕಿನಲ್ಲಿ ಬರೆದೆ. ಬೆಳಿಗ್ಗೆ ನೋಡಿದಾಗ ಹಾಳೆ ಸ್ವಲ್ಪ ಬಾಗಿತ್ತು. ಚೊಂಬಿಗೆ ಕುದಿನೀರು ತುಂಬಿ, ಬಟ್ಟೆ ಹಾಸಿ, ಅದರ ಮೇಲೆ ನಿಧಾನವಾಗಿ ಒತ್ತಿದಾಗ ಸರಿಹೋಯಿತು. ಶಾಲೆಗೆ ಬಂದದ್ದು 17 ಮಕ್ಕಳು. ತೋಡು ತುಂಬಿದ್ದರಿಂದ ಆಚೆ ದಡದ ಇಬ್ಬರು ಬರಲಿಲ್ಲ. ಅವರ ಎರಡು ಗೆಣ್ಣುಗಳಲ್ಲಿ ಜಾಗವನ್ನು ಖಾಲಿ ಬಿಟ್ಟೆವು. ಒಂದನೆಯ ತರಗತಿಯ ಹುಡುಗಿಯೊಬ್ಬಳು ತಾನು ಹಸಿರು ಕಾಯಿಯಾಗುವುದಿಲ್ಲವೆಂದು ಹಟ ಹಿಡಿದಳು; ಅವಳಿಗೆ ಕೆಂಪನ್ನೇ ಕೊಟ್ಟೆ.

ಮೇಷ್ಟರು ಕಾರ್ಡು ತೆರೆದು ಹೆಸರುಗಳನ್ನು ಓದಲಿಲ್ಲ, ಕೆಳಗಿನ ಶಬ್ದಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು, ಪ್ರತಿ ಶಬ್ದಕ್ಕೂ ಅದನ್ನು ಬರೆದ ಮಗು ಎದ್ದು ನಿಂತಿತು. ಹನ್ನೆರಡೂವರೆಗೆ ನೀರು ಇಳಿದು ಆ ಇಬ್ಬರೂ ಓಡಿ ಬಂದರು. ಜೀಪು ಆಗಲೇ ಬಂದು ನಿಂತಿತ್ತು, ಬಣ್ಣ ಒಣಗುವಷ್ಟು ಹೊತ್ತಿರಲಿಲ್ಲ. ಆದುದರಿಂದ ಮೇಷ್ಟರು ಕಾರ್ಡನ್ನು ಮಡಿಸದೆ, ತೆರೆದ ಹಾಗೆಯೇ ತೊಡೆಯ ಮೇಲೆ ಇಟ್ಟುಕೊಂಡು ಹೋದರು.