ಬೇಸ್‌ಬಾಲಿನ ‘ಬ್ಯಾಟಿಂಗ್ ಆವರೇಜ್’: ಸರಾಸರಿಯೋ, ಪ್ರಮಾಣವೋ?

ಬೇಸ್‌ಬಾಲ್ ಕುರಿತು ಕನ್ನಡದಲ್ಲಿ ಬರೆಯುವಾಗ ‘ಬ್ಯಾಟಿಂಗ್ ಆವರೇಜ್’ ಎಂಬುದಕ್ಕೆ ನಾವು ಹಿಂದುಮುಂದು ನೋಡದೆ ‘ಬ್ಯಾಟಿಂಗ್ ಸರಾಸರಿ’ ಎಂದು ಬರೆದುಬಿಡುತ್ತೇವೆ. ಕ್ರಿಕೆಟ್ ವರದಿಗಳಿಂದ ಆ ಮಾತು ಅಷ್ಟು ಪಳಗಿಹೋಗಿದೆ. ಆದರೆ ಹಿಟ್ಟರ್ (ಬ್ಯಾಟ್ ಹಿಡಿದು ಚೆಂಡು ಹೊಡೆಯುವ ಆಟಗಾರ) ಒಬ್ಬನ ಮೌಲ್ಯವನ್ನು ಯಾವ ಅಂಕಿ ಚೆನ್ನಾಗಿ ಅಳೆಯುತ್ತದೆ ಎಂಬ, ಆ ಆಟದಷ್ಟೇ ಹಳೆಯದೆನ್ನಬಹುದಾದ ವಾದವನ್ನು ಕನ್ನಡದಲ್ಲಿ ವಿವರಿಸಲು ಹೊರಟರೆ ಈ ಪದ ಹೆಜ್ಜೆಹೆಜ್ಜೆಗೂ ತೊಡಕಾಗುತ್ತದೆ. ಇಲ್ಲಿ ‘ಸರಾಸರಿ’ಯನ್ನು ಬಿಟ್ಟು ‘ಪ್ರಮಾಣ’ ಎನ್ನಬಹುದೇ ಎಂಬುದು ನನ್ನ ಪ್ರಶ್ನೆ. ಎನ್ನಬೇಕು ಎಂಬ ಕಡೆಗೇ ನನ್ನ ಒಲವು.

ಕ್ರಿಕೆಟ್ಟಿನ ಸರಾಸರಿಯೂ ಶಾಲೆಯ ಲೆಕ್ಕದ ಸರಾಸರಿಯಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳೋಣ. ಒಟ್ಟು ರನ್ನುಗಳನ್ನು ಭಾಗಿಸುವುದು ಇನಿಂಗ್ಸ್‌ಗಳ ಸಂಖ್ಯೆಯಿಂದಲ್ಲ, ಎಷ್ಟು ಸಲ ಔಟಾದರು ಎಂಬುದರಿಂದ. ಮೈಕೆಲ್ ಬೆವನ್ ಏಕದಿನ ಪಂದ್ಯಗಳ 196 ಇನಿಂಗ್ಸ್‌ಗಳಲ್ಲಿ 6912 ರನ್ ಗಳಿಸಿ, 67 ಸಲ ಔಟಾಗದೆ ಉಳಿದರು. ಆದ್ದರಿಂದ ಅವರ ಸರಾಸರಿ 53.58. ಎಲ್ಲ ಇನಿಂಗ್ಸ್‌ಗಳಿಗೂ ಹಂಚಿದರೆ ಅದು 35ರ ಆಸುಪಾಸಿಗೆ ಇಳಿಯುತ್ತದೆ. ಹಾಗಿದ್ದರೂ ಅಲ್ಲಿ ‘ಸರಾಸರಿ’ ಸಲ್ಲುತ್ತದೆ, ಏಕೆಂದರೆ ಉತ್ತರ ರನ್ನುಗಳಲ್ಲಿಯೇ ಇರುತ್ತದೆ: ಒಮ್ಮೆ ಔಟಾಗುವುದರೊಳಗೆ ಇಷ್ಟು ರನ್.

ಬೇಸ್‌ಬಾಲಿನ ಈ ಲೆಕ್ಕದಲ್ಲಿ ರನ್ನಿನ ಮಾತೇ ಇಲ್ಲ. ಚೆಂಡನ್ನು ಹೊಡೆದು, ಔಟಾಗದೆ, ರನ್ನಿಗಾಗಿ ಸುತ್ತಿ ಬರಬೇಕಾದ ನಾಲ್ಕು ‘ಬೇಸ್’ಗಳಲ್ಲಿ ಒಂದನ್ನಾದರೂ ಮುಟ್ಟಿದರೆ ಅದು ‘ಹಿಟ್’. ಹಿಟ್‌ಗಳ ಸಂಖ್ಯೆಯನ್ನು ‘ಅಟ್ ಬ್ಯಾಟ್’ ಎನ್ನುವ ಸರದಿಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಬ್ಯಾಟಿಂಗ್ ಆವರೇಜ್. ಅಮೆರಿಕದ ಹೆಸರಾಂತ ಹಿಟ್ಟರ್ ಟೆಡ್ ವಿಲಿಯಮ್ಸ್ 1941ರಲ್ಲಿ 456 ಅಟ್ ಬ್ಯಾಟ್‌ಗಳಲ್ಲಿ 185 ಹಿಟ್ ಹೊಡೆದರು, ಅದು .406. ಇದು ಇಷ್ಟರಲ್ಲಿ ಇಷ್ಟು ಎಂಬ ಪಾಲು. ಎಷ್ಟೇ ಚೆನ್ನಾಗಿ ಆಡಿದರೂ ಒಂದನ್ನು ದಾಟಲಾರದು. ಕನ್ನಡದಲ್ಲಿ ಇಂಥದ್ದಕ್ಕೆ ನಾವು ಸಾಕ್ಷರತೆಯ ಪ್ರಮಾಣ, ತೇರ್ಗಡೆಯ ಪ್ರಮಾಣ ಎನ್ನುತ್ತೇವೆಯೇ ಹೊರತು ಸಾಕ್ಷರತೆಯ ಸರಾಸರಿ ಎನ್ನುವುದಿಲ್ಲ.

ಛೇದದಲ್ಲಿ ಏನಿಲ್ಲ ಎಂಬುದು ಇನ್ನೂ ಮುಖ್ಯವಾದ ಸಂಗತಿ. ಚೆಂಡು ಎಸೆಯುವ ಪಿಚರ್ ನಾಲ್ಕು ಕೆಟ್ಟ ಎಸೆತಗಳನ್ನು ಎಸೆದು ಹಿಟ್ಟರ್‌ಗೆ ಮೊದಲ ಬೇಸ್ ಬಿಟ್ಟುಕೊಡುವ ‘ವಾಕ್’ ಅಟ್ ಬ್ಯಾಟ್ ಲೆಕ್ಕಕ್ಕೆ ಸೇರುವುದಿಲ್ಲ. ಅದರಲ್ಲಿ ಹಿಟ್ಟರ್‌ನ ಹೆಚ್ಚುಗಾರಿಕೆ ಏನೂ ಇಲ್ಲ, ಅದು ಪಿಚರ್‌ನ ತಪ್ಪು ಎಂಬುದು ಹತ್ತೊಂಬತ್ತನೆಯ ಶತಮಾನದ ನಿಲುವು. (1887ರ ಒಂದೇ ಒಂದು ಋತುವಿನಲ್ಲಿ ವಾಕ್‌ಗಳನ್ನೂ ಹಿಟ್‌ಗಳೆಂದೇ ಎಣಿಸಿ ನೋಡಿ, ಮರುವರ್ಷವೇ ಕೈಬಿಟ್ಟರು.) ವಿಲಿಯಮ್ಸ್ ಆ 1941ರಲ್ಲಿ 147 ವಾಕ್ ಪಡೆದಿದ್ದರು, ಮೂರು ಸಲ ಚೆಂಡು ಮೈಗೆ ತಗುಲಿತ್ತು (ಆಗಲೂ ಮೊದಲ ಬೇಸ್ ಸಿಗುತ್ತದೆ). ಇವನ್ನೆಲ್ಲ ಸೇರಿಸಿದರೆ 606 ಸರದಿಗಳಲ್ಲಿ 335 ಸಲ ಅವರು ಔಟಾಗದೆ ಬೇಸ್ ಮುಟ್ಟಿದಂತಾಯಿತು, ಅಂದರೆ .553. ಇದೇ ‘ಆನ್ ಬೇಸ್ ಪರ್ಸೆಂಟೇಜ್’. ಒಂದು ಪಂದ್ಯದಲ್ಲಿ ತಂಡದ ಕೈಯಲ್ಲಿರುವ ಔಟ್‌ಗಳು ಇಪ್ಪತ್ತೇಳೇ ಆದ್ದರಿಂದ ಅವನ್ನು ಉಳಿಸಿಕೊಡುವವನೇ ಹೆಚ್ಚು ಬೆಲೆಯವನು ಎಂಬ ವಾದಕ್ಕೆ ಈ ಅಂಕಿಯೇ ಆಧಾರ. ಆದರೂ ಅದು ಅಧಿಕೃತ ದಾಖಲೆಗೆ ಸೇರಿದ್ದು 1984ರಲ್ಲಿ.

ಇನ್ನು ‘ಸ್ಲಗ್ಗಿಂಗ್ ಪರ್ಸೆಂಟೇಜ್’. ಸಿಂಗಲ್‌ಗೆ ಒಂದು, ಡಬಲ್‌ಗೆ ಎರಡು, ಟ್ರಿಪಲ್‌ಗೆ ಮೂರು, ಹೋಮ್ ರನ್‌ಗೆ ನಾಲ್ಕು ಬೇಸ್ ಎಂದು ಕೂಡಿಸಿ ಅಟ್ ಬ್ಯಾಟ್‌ಗಳಿಂದ ಭಾಗಿಸುತ್ತಾರೆ. ಇದು ತಾತ್ವಿಕವಾಗಿ 4ರವರೆಗೂ ಏರಬಲ್ಲ ಅಂಕಿ. ಹಾಗಾಗಿ ಶೇಕಡಾವಾರು ಅಲ್ಲವೇ ಅಲ್ಲ, ಒಂದು ಅಟ್ ಬ್ಯಾಟ್‌ಗೆ ಸಿಕ್ಕ ಬೇಸ್‌ಗಳ ಅಪ್ಪಟ ಸರಾಸರಿ. ಹೀಗೆ ಇಂಗ್ಲಿಷಿನಲ್ಲಿ ಸರಾಸರಿ ಎನಿಸಿಕೊಂಡದ್ದು ಪ್ರಮಾಣ, ಶೇಕಡಾ ಎನಿಸಿಕೊಂಡದ್ದು ಸರಾಸರಿ. ಈ ಅದಲುಬದಲನ್ನು ನಾವು ಹಾಗೆಯೇ ಹೊತ್ತು ತರಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ.

ಪದದ ಆಯ್ಕೆ ಇಲ್ಲಿ ಬರಿಯ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ಯಾವ ಅಂಕಿ ಏನನ್ನು ಅಳೆಯುತ್ತದೆ ಎಂಬುದರ ಮೇಲೆಯೇ ಆಟಗಾರನ ಬೆಲೆ ನಿಂತಿರುತ್ತದೆ. 1941ರಲ್ಲಿ ಅಮೆರಿಕನ್ ಲೀಗಿನ ‘ಅತ್ಯಮೂಲ್ಯ ಆಟಗಾರ’ ಪ್ರಶಸ್ತಿ ಸಂದದ್ದು ವಿಲಿಯಮ್ಸ್‌ಗಲ್ಲ, ಸತತ 56 ಪಂದ್ಯಗಳಲ್ಲಿ ಹಿಟ್ ಹೊಡೆದ ಜೋ ಡಿಮ್ಯಾಜಿಯೊಗೆ. ಅವರ ಬ್ಯಾಟಿಂಗ್ ಆವರೇಜ್ .357, ಆನ್ ಬೇಸ್ .440. ತಂಡದ ಗೆಲುವು, ಫೀಲ್ಡಿಂಗ್, ಆ ಅಖಂಡ ಸರಣಿಯ ಸೊಗಸು ಇವೆಲ್ಲ ಮತಗಳಲ್ಲಿ ಸೇರಿದ್ದಿರಬಹುದು. ಬ್ಯಾಟಿಂಗ್ ಒಂದನ್ನೇ ಹಿಡಿದರೆ ಇಬ್ಬರ ನಡುವಿನ ಅಂತರ ಸಣ್ಣದಲ್ಲ. ಡಿಮ್ಯಾಜಿಯೊ 125, ವಿಲಿಯಮ್ಸ್ 120 ರನ್‌ಗಳನ್ನು ಬ್ಯಾಟಿನಿಂದ ತರಿಸಿಕೊಟ್ಟರು ಎಂಬ ಆರ್‌ಬಿಐ ಲೆಕ್ಕವನ್ನು ನಾನು ಬದಿಗಿಡುತ್ತೇನೆ, ಏಕೆಂದರೆ ಅದು ಮುಂದಿನ ಬೇಸ್‌ಗಳಲ್ಲಿ ಎಷ್ಟು ಸಂಗಡಿಗರು ಕಾದಿದ್ದರು ಎಂಬುದನ್ನೇ ಹೆಚ್ಚಾಗಿ ಅವಲಂಬಿಸುತ್ತದೆ.

ಆನ್ ಬೇಸ್ ಮತ್ತು ಸ್ಲಗ್ಗಿಂಗ್ ಎರಡನ್ನೂ ಕೂಡಿಸುವ ‘ಓಪಿಎಸ್’ ಕೈಗೆ ಸುಲಭ, ಆದರೆ ಛೇದಗಳೇ ಬೇರೆಯಾದ ಎರಡು ಅಂಕಿಗಳನ್ನು ಕೂಡಿಸುವುದು ಲೆಕ್ಕದ ಮರ್ಯಾದೆಗೆ ಒಗ್ಗುವುದಿಲ್ಲ. ‘ವೋಬಾ’ ಎಂಬ ಹೊಸ ಅಳತೆಯಲ್ಲಿ ಪ್ರತಿಯೊಂದು ಫಲಕ್ಕೂ ಅದು ರನ್ ತರುವ ಮಟ್ಟಿಗೆ ತೂಕ ಕೊಡುತ್ತಾರೆ: ವಾಕ್‌ಗೆ ಸುಮಾರು 0.69, ಸಿಂಗಲ್‌ಗೆ 0.89, ಹೋಮ್ ರನ್‌ಗೆ 2.1ರ ಆಸುಪಾಸು. ಅಂದರೆ ಹೋಮ್ ರನ್ ಸಿಂಗಲ್‌ನ ನಾಲ್ಕು ಪಟ್ಟಲ್ಲ, ಎರಡೂವರೆ ಪಟ್ಟಿಗೂ ಕಡಿಮೆ. ನನಗೆ ಇದೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಇದರ ಮೇಲೆ ಕಟ್ಟಿದ ‘ಡಬ್ಲ್ಯುಆರ್‌ಸಿ ಪ್ಲಸ್’ ಲೀಗಿನ ಸರಾಸರಿಯನ್ನು 100 ಎಂದು ಹಿಡಿದು, ಮೈದಾನದ ಅನುಕೂಲ ಅನನುಕೂಲಗಳನ್ನು ಕಳೆದು, 150 ಇದ್ದವನನ್ನು ಸರಾಸರಿಗಿಂತ ಶೇ 50ರಷ್ಟು ಮೇಲಿನವನೆಂದು ಹೇಳುತ್ತದೆ. ಇಲ್ಲಿ ‘ಸರಾಸರಿ’ಗೆ ಬದಲಿ ಪದವೇ ಇಲ್ಲ. ಅದನ್ನು .406ಕ್ಕೂ ಅಂಟಿಸಿಬಿಟ್ಟರೆ ‘ಅವನ ಸರಾಸರಿ ಸರಾಸರಿಗಿಂತ ಮೇಲಿದೆ’ ಎಂದು ಬರೆಯುವ ಪಾಡು ಬರುತ್ತದೆ. ‘ಸರಾಸರಿ ಹಿಟ್ಟರ್’ ಎಂದರೆ ಸಾಧಾರಣ ಆಟಗಾರ ಎಂಬ ಅರ್ಥವೂ ಬಳಕೆಯಲ್ಲಿದೆ ಎಂಬುದು ಮತ್ತೊಂದು ತೊಡಕು.

‘ದರ’ವನ್ನು ಯೋಚಿಸಿ ಬಿಟ್ಟೆ, ಅದು ಸ್ಟ್ರೈಕ್ ರೇಟ್ ಕಡೆಗೆ ಮನಸ್ಸನ್ನು ಎಳೆಯುತ್ತದೆ. ‘ಅನುಪಾತ’ ಪಠ್ಯಪುಸ್ತಕದ ಮಾತಾಗಿ ಕೇಳುತ್ತದೆ. ಹಾಗಾಗಿ ‘ಹಿಟ್ ಪ್ರಮಾಣ’, ‘ಬೇಸ್ ಮುಟ್ಟಿದ ಪ್ರಮಾಣ’, ‘ಬೇಸ್ ಸರಾಸರಿ’ ಎಂಬ ಮೂರನ್ನು ಕ್ರಮವಾಗಿ ಬ್ಯಾಟಿಂಗ್ ಆವರೇಜ್, ಆನ್ ಬೇಸ್, ಸ್ಲಗ್ಗಿಂಗ್‌ಗೆ ಸೂಚಿಸುತ್ತೇನೆ. ಮೂರನೆಯದರಲ್ಲಿ ಬಲವಾಗಿ ಬೀಸುವ ಭಾವ ಕಳೆದುಹೋಗುತ್ತದೆ. ಅದನ್ನು ಉಳಿಸಿಕೊಂಡೂ ಲೆಕ್ಕಕ್ಕೆ ನಿಷ್ಠವಾಗಿರುವ ಪದ ಬಲ್ಲವರು ದಯವಿಟ್ಟು ತಿಳಿಸಬೇಕು.