ಆರ್‌ವಿಯಲ್ಲಿ ಮೋಆಬ್: ಹೋಗಿ ಬಂದವರು ಸ್ವಲ್ಪ ಹೇಳಿ

ಏಪ್ರಿಲ್‌ನಲ್ಲಿ ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ಮಕ್ಕಳೂ ಇಬ್ಬರು. ಸಾಲ್ಟ್ ಲೇಕ್ ಸಿಟಿಯಲ್ಲಿ ಮಲಗೋಕೆ, ಅಡುಗೆಗೆ ಎಲ್ಲ ಜಾಗವಿರುವ 25 ಅಡಿಯ ಮನೆಗಾಡಿ, ಅಂದರೆ ಆರ್‌ವಿ ಬಾಡಿಗೆಗೆ ಹಿಡಿದು ಯೂಟಾದ ಮೋಆಬ್‌ನಲ್ಲಿ ಮೂರು ರಾತ್ರಿ ಇರೋಣ ಅಂತಿದ್ದೇವೆ. ಆರ್‌ವಿ ಯಾವತ್ತೂ ಓಡಿಸಿಲ್ಲ. ಏನೇನು ನೋಡಿಕೊಳ್ಳಬೇಕು?

*

ಮೊದಲು ಕ್ಯಾಲೆಂಡರ್ ನೋಡಿ. ಈಸ್ಟರ್‌ಗೆ ಮುಂಚಿನ ವಾರ ಅಲ್ಲಿ ಜೀಪ್ ಸಫಾರಿ, ಅಂದರೆ ಬಂಡೆ ದಾರಿಗಳಲ್ಲಿ ಜೀಪು ಓಡಿಸುವವರ ಮೇಳ, ನಡೆಯುತ್ತದೆ. ಐದು ಸಾವಿರ ಚಿಲ್ಲರೆ ಜನರ ಊರು. ಆ ವಾರ ಎಲ್ಲಿ ನೋಡಿದರೂ ಜೀಪು. ನಾವು ಗೊತ್ತಿಲ್ಲದೆ ಹೋಗಿ, ಜಾಗ ಸಿಗದೆ, ಐವತ್ತು ಮೈಲಿ ಆಚೆ ಮಲಗಿದ್ದೆವು.

*

ನಾವು ಅತ್ತೆ ಮಾವನ ಜೊತೆ ಅಕ್ಟೋಬರ್‌ನಲ್ಲಿ ಹೋಗಿದ್ದೆವು. ಓಡಿಸೋದು ಅಷ್ಟೇನೂ ಕಷ್ಟವಲ್ಲ, ಮಾಮೂಲಿ ಲೈಸೆನ್ಸ್ ಸಾಕು. ಕಾರಿನಲ್ಲಿ ನಾಲ್ಕು ಗಂಟೆಯ ದಾರಿಗೆ ನಮಗೆ ಐದೂವರೆ ಹಿಡಿಯಿತು.

ತಲೆ ತಿಂದಿದ್ದು ಟ್ಯಾಂಕುಗಳು. ಒಳ್ಳೆ ನೀರಿಗೆ ಒಂದು, ಸಿಂಕು ಮತ್ತು ಸ್ನಾನದ ನೀರಿಗೆ ಗ್ರೇ ಟ್ಯಾಂಕ್, ಕಕ್ಕಸಿಗೆ ಬ್ಲ್ಯಾಕ್ ಟ್ಯಾಂಕ್. ನಮ್ಮವರು ಚೊಂಬು ಬಿಡುವವರಲ್ಲ. ಆರು ಜನಕ್ಕೆ ಬ್ಲ್ಯಾಕ್ ಟ್ಯಾಂಕ್ ಎರಡನೇ ದಿನವೇ ತುಂಬಿತು. ಹಾಗಂತ ನೀರು ಕಡಿಮೆ ಹಾಕಿ ಅನ್ನಬೇಡಿ, ಒಳಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಅದಕ್ಕೇ ಊರೊಳಗೆ ಫುಲ್ ಹುಕಪ್ ಜಾಗ ಹಿಡಿಯಿರಿ. ನೀರು, ಕರೆಂಟು, ಒಳಚರಂಡಿ ಮೂರೂ ಇರುತ್ತವೆ. ಪೈಪು ಸಿಕ್ಕಿಸಿದ್ದೀವಲ್ಲ ಅಂತ ಬ್ಲ್ಯಾಕ್ ವಾಲ್ವ್ ತೆರೆದೇ ಇಡಬೇಡಿ. ನೀರು ಮಾತ್ರ ಹರಿದುಹೋಗಿ ಮಿಕ್ಕಿದ್ದು ಅಲ್ಲೇ ಉಳಿಯುತ್ತದೆ. ತುಂಬಲಿ ಬಿಡಿ. ಆಮೇಲೆ ಮೊದಲು ಬ್ಲ್ಯಾಕ್ ಖಾಲಿ ಮಾಡಿ, ನಂತರ ಗ್ರೇ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೈಗವಸು ಮರೆಯಬೇಡಿ. ನಮ್ಮೆಜಮಾನರು ಮರೆತಿದ್ದರು!

ನಮ್ಮ ಗಾಡಿಯದು 30 ಆಂಪ್ ಕರೆಂಟು, ಅಂದರೆ 3,600 ವಾಟ್. ಏಸಿ, ಇಂಡಕ್ಷನ್ ಒಲೆ, ಮೈಕ್ರೋವೇವ್ ಒಟ್ಟಿಗೆ ಹಾಕಿದೆ, ಬ್ರೇಕರ್ ಬಿತ್ತು. ಇನ್ನು ಒಗ್ಗರಣೆ. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಹಾಕಿದ್ದೇ ತಡ, ಸ್ಮೋಕ್ ಅಲಾರಂ ಬಡಿದುಕೊಳ್ಳೋಕೆ ಶುರು. ಮಾವ ಪಂಚೆಯ ತುದಿಯಿಂದ ಗಾಳಿ ಬೀಸುತ್ತಾ ನಿಂತಿದ್ದರು. ಮರುದಿನದಿಂದ ಒಗ್ಗರಣೆಯೆಲ್ಲ ಹೊರಗೆ, ಪಿಕ್ನಿಕ್ ಟೇಬಲ್ ಮೇಲಿನ ಗ್ಯಾಸ್ ಒಲೆಯಲ್ಲಿ.

ಡ್ರೈವರ್ ಸೀಟಿನ ಮೇಲಿನ ಮಂಚ ಮಕ್ಕಳಿಗೆ ಕೊಡಿ. ಹಿರಿಯರು ರಾತ್ರಿ ಎದ್ದು ಏಣಿ ಇಳಿಯೋದು ಬೇಡ. ಹೊರಡುವ ಮುಂಚೆ ಫ್ರಿಜ್‌ನ ಬಾಗಿಲು ಎಳೆದು ನೋಡಿ. ನಮ್ಮ ಮೊಸರು ಒಂದು ತಿರುವಿನಲ್ಲಿ ಪೂರ್ತಿ ನೆಲಕ್ಕೆ ಹೋಯಿತು.

*

ಮೇಲಿನವರ ಮಾತು ಸರಿ, ಆದರೆ ಮೂರೂ ರಾತ್ರಿ ಹುಕಪ್‌ನಲ್ಲೇ ಕಳೆಯಬೇಡಿ. ಅದು ಬರೀ ಪಾರ್ಕಿಂಗ್ ಜಾಗ, ಪಕ್ಕದವರ ಟಿವಿ ಕೇಳಿಸುತ್ತದೆ. ಒಂದು ರಾತ್ರಿ 128ನೇ ರಸ್ತೆಯಲ್ಲಿ ಕೊಲರಾಡೊ ನದಿ ಪಕ್ಕದ ಬಿಗ್ ಬೆಂಡ್ ಅನ್ನೋ ಕ್ಯಾಂಪ್ ಜಾಗಕ್ಕೆ ಹೋಗಿ. ಊರಿಂದ ಏಳೆಂಟು ಮೈಲಿ. ನೀರಿಲ್ಲ, ಕರೆಂಟಿಲ್ಲ, ಗುಂಡಿ ಕಕ್ಕಸು ಅಷ್ಟೇ. ಹೆಚ್ಚಿನ ಜಾಗ ಮೊದಲು ಬಂದವರಿಗೆ, ಹಾಗಾಗಿ ಬೆಳಗ್ಗೆಯೇ ಹೋಗಿ. ಟ್ಯಾಂಕಿನಲ್ಲಿ ನೀರು ತುಂಬಿಸಿಕೊಂಡಿರಿ. ಏಪ್ರಿಲ್ ರಾತ್ರಿ ಚಳಿ ಜೋರು. ಹೀಟರ್ ಗ್ಯಾಸಿನಲ್ಲಿ ಉರಿದರೂ ಅದರ ಫ್ಯಾನ್ ಬ್ಯಾಟರಿ ತಿನ್ನುತ್ತದೆ. ಕಂಬಳಿ ಜಾಸ್ತಿ ಇಟ್ಟುಕೊಳ್ಳಿ. ಬೆಳಗ್ಗೆ ಎದುರಿನ ಬಂಡೆಗೆ ಬಿಸಿಲು ಬಿದ್ದು ಕೆಂಪಗಾಗೋದನ್ನ ಕಾಫಿ ಹಿಡಿದು ನೋಡಬೇಕು ನೀವು.

*

ಎಲ್ಲರಿಗೂ ಥ್ಯಾಂಕ್ಸ್. ಆರ್ಚಸ್ ನ್ಯಾಷನಲ್ ಪಾರ್ಕಿನ ಕಲ್ಲಿನ ಕಮಾನು ಡೆಲಿಕೇಟ್ ಆರ್ಚ್‌ವರೆಗೆ ನಡೆಯೋದು ಅಪ್ಪನಿಗೆ ಆಗುತ್ತಾ? ಮಂಡಿ ನೋವಿದೆ.

*

ಬೇಡ. ಹೋಗಿ ಬರೋದು ಮೂರು ಮೈಲಿ, ಬೋಳು ಬಂಡೆಯ ಏರು, ನೆರಳಿಲ್ಲ. ಕೆಳಗಿನ ವ್ಯೂಪಾಯಿಂಟ್‌ಗೆ ನೂರು ಗಜ ನಡೆದರೆ ದೂರದಿಂದ ಕಾಣುತ್ತದೆ. ವಿಂಡೋಸ್‌ನ ಕಮಾನುಗಳು, ಬ್ಯಾಲೆನ್ಸ್ಡ್ ರಾಕ್ ಅನ್ನೋ ಬಂಡೆ ಎರಡೂ ಅವರಿಗೆ ಹೇಳಿ ಮಾಡಿಸಿದ ಹಾಗಿವೆ. ಆರ್ಚಸ್ ಒಳಗಿನ ಮುಖ್ಯ ರಸ್ತೆ ಟಾರಿನದೇ, ಆರ್‌ವಿ ಹೋಗುತ್ತದೆ. ಆದರೆ ನಿಲ್ಲಿಸೋಕೆ ಉದ್ದ ಜಾಗ ಕಡಿಮೆ. ಎಂಟಕ್ಕೆ ಮುಂಚೆ ಒಳಗಿರಿ. ಹತ್ತಿರದ ಇನ್ನೊಂದು ಪಾರ್ಕ್ ಕ್ಯಾನ್ಯನ್‌ಲ್ಯಾಂಡ್ಸ್‌ನಿಂದ ವಾಪಸ್ ಬರುವಾಗ ಫೋನು ಶೇಫರ್ ಟ್ರೇಲ್ ಅಂತ ಹತ್ತಿರದ ದಾರಿ ತೋರಿಸಿದರೆ ನಂಬಬೇಡಿ. ಅದು ಪ್ರಪಾತದ ಅಂಚಿನ ಮಣ್ಣುರಸ್ತೆ. ಹೋದ ದಾರಿಯಲ್ಲೇ ಬನ್ನಿ.